ಎರಡು ಗಂಟೆಯ ಮಾತಿಗೆ ಯಾವ ಕ್ಯಾಮೆರಾ?

ಜಾಲಹಳ್ಳಿಯ ಒಂದು ಮನೆ. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ದುಡಿದು ನಿವೃತ್ತರಾದ ಯಜಮಾನರೊಬ್ಬರು ನಮ್ಮ ಕ್ಯಾಮೆರಾದ ಮುಂದೆ ಕೂತಿದ್ದರು. ಮೊದಲ ಅರ್ಧ ಗಂಟೆ, ಬಂದವರಿಗೆಲ್ಲ ಹೇಳುವ ಮಾತನ್ನೇ ನಮಗೂ ಹೇಳಿದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚ್ ತಯಾರಿಕೆ ಶುರುವಾಗಿದ್ದು, 2016ರಲ್ಲಿ ಮುಚ್ಚುವ ತೀರ್ಮಾನ ಬಂದಿದ್ದು, ಇವೆಲ್ಲ. ಆಮೇಲೆ ಕಾಫಿ ಲೋಟ ಕೆಳಗಿಟ್ಟರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವುದು ಹೇಗೆ ಅಂತ ಬರಿಗೈಯಲ್ಲೇ ತೋರಿಸತೊಡಗಿದರು. ಉಸಿರು ಬಿಗಿ ಹಿಡಿದು ತೋರಿಸಿದರು. ಕೊನೆಗೆ "ಎಲ್ಲಾ ಬಂತಾ ಮರಿ?" ಅಂತ ಕೇಳಿದರು.

ಬಂದಿರಲಿಲ್ಲ. ನಮ್ಮ ಹಳೆಯ ಡಿಎಸ್‌ಎಲ್‌ಆರ್ 29 ನಿಮಿಷ 59 ಸೆಕೆಂಡಿಗೆ ತಾನಾಗಿಯೇ ನಿಂತುಬಿಟ್ಟಿತ್ತು. ನಾನು ನೋಡಿದ್ದು ಹನ್ನೊಂದು ನಿಮಿಷ ಆದಮೇಲೆ. ಇನ್ನೊಂದು ಸಲ ಹೇಳಿ ಅಂತ ಕೇಳಿದೆವು, ಬೇಸರ ಪಡದೆ ಹೇಳಿದರು. ಆದರೆ ಎರಡನೇ ಸಲ ಅವರ ಕೈ ಅಲುಗಲಿಲ್ಲ, ತೊಡೆಯ ಮೇಲೇ ಇತ್ತು.

ಆವತ್ತಿನಿಂದ ಕ್ಯಾಮೆರಾ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಬೇರೆ. ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದು ಕೊನೆಗೆ. ಎರಡು ಗಂಟೆ ನಿಲ್ಲದೆ ಓಡುತ್ತದೆಯೇ, ಅದು ಮೊದಲು. ಬೆಂಗಳೂರಿನಲ್ಲಿ ಹಿರಿಯರ ನೆನಪುಗಳನ್ನು ದಾಖಲಿಸುವ ನಮ್ಮಂಥವರ ತಂಡ ಎಂದರೆ ಇಬ್ಬರು, ಎಷ್ಟೋ ಸಲ ಒಬ್ಬರೇ. ಪ್ರಶ್ನೆ ಕೇಳುವವರೂ ನಾವೇ, ಕ್ಯಾಮೆರಾ ನೋಡುವವರೂ ನಾವೇ. ಎದುರಿಗಿರುವವರು ಮನಸ್ಸು ಬಿಚ್ಚಿ ಮಾತಾಡುವಾಗ ನಮ್ಮ ಕಣ್ಣು ಅವರ ಮುಖದ ಮೇಲಿರಬೇಕು, ಸ್ಕ್ರೀನಿನ ಮೇಲಲ್ಲ. ಹಾಗಾಗಿ ಒಮ್ಮೆ ಚಾಲೂ ಮಾಡಿದ ಮೇಲೆ ಮರೆತುಬಿಡಬಹುದಾದ ಕ್ಯಾಮೆರಾ ನಮಗೆ ಬೇಕು. ಮುಂದಿನ ಹೋಲಿಕೆಯೆಲ್ಲ ಈ ಲೆಕ್ಕದಲ್ಲೇ.

ಆ 29 ನಿಮಿಷದ ಕಾರಣ ತಿಳಿದಿದ್ದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಉಪಯೋಗವಾಗುತ್ತದೆ. ಯುರೋಪಿನಲ್ಲಿ ಅರ್ಧ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ರೆಕಾರ್ಡ್ ಮಾಡುವ ಕ್ಯಾಮೆರಾವನ್ನು ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚು ಆಮದು ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿಗಳು ಫೋಟೋ ಕ್ಯಾಮೆರಾಗಳನ್ನು ಒಂದು ಸೆಕೆಂಡ್ ಮೊದಲೇ ನಿಲ್ಲಿಸುತ್ತಿದ್ದವು. ಈಗಿನ ಹೆಚ್ಚಿನ ಮಾಡೆಲ್‌ಗಳಲ್ಲಿ ಈ ತಡೆ ಇಲ್ಲ. ಆದರೆ ಅಗ್ಗಕ್ಕೆ ಸಿಗುವ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇನ್ನೂ ಇದೆ. ಕೆಲವು ಹನ್ನೆರಡು ನಿಮಿಷದ ಹತ್ತಿರವೇ ನಿಲ್ಲುತ್ತವೆ. ಸಣ್ಣ ದೃಶ್ಯಗಳಿಗೆ ಅವು ಸಾಕು, ದೀರ್ಘ ಮಾತುಕತೆಗೆ ಬೇಡ.

ಕೈಯಲ್ಲಿರುವ ಫೋನಿನಿಂದಲೇ ಶುರು ಮಾಡೋಣ. ಅದನ್ನು ಹಗುರವಾಗಿ ಕಾಣಬೇಡಿ. ಒಳ್ಳೆ ಬೆಳಕಿದ್ದು, ಟ್ರೈಪಾಡ್ ಮೇಲಿಟ್ಟು, ಮೈಕ್ ಬೇರೆ ಹಾಕಿದರೆ ಮೊದಲ ಸಂದರ್ಶನಕ್ಕೆ ಫೋನ್ ಧಾರಾಳವಾಗಿ ಸಾಕು. ತೊಂದರೆ ಮೂರು. ಬಿಸಿಯಾಗುತ್ತದೆ, ಜಾಗ ತುಂಬುತ್ತದೆ, ಮತ್ತು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆ, ಸ್ಥಿರವಾಗಿರುವುದಿಲ್ಲ. ಈ ಮೂರನೆಯದು ಎಡಿಟ್ ಮಾಡಲು ಕೂತಾಗಲೇ ಗೊತ್ತಾಗುವುದು. ಬೇರೆ ರೆಕಾರ್ಡರ್‌ನಲ್ಲಿ ಹಿಡಿದ ದನಿಯನ್ನು ಚಿತ್ರಕ್ಕೆ ಹೊಂದಿಸಿದರೆ ಶುರುವಿನಲ್ಲಿ ಸರಿಯಿರುತ್ತದೆ, ಒಂದು ಗಂಟೆಯ ಹೊತ್ತಿಗೆ ತುಟಿಯೇ ಬೇರೆ, ಮಾತೇ ಬೇರೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ಇದೆ. ಅದರಲ್ಲಿ ಫ್ರೇಮ್ ರೇಟ್, ಶಟರ್, ಬಿಳುಪಿನ ಬಣ್ಣ (ವೈಟ್ ಬ್ಯಾಲೆನ್ಸ್) ಎಲ್ಲವನ್ನೂ ಬೇಕಾದ ಕಡೆ ನಿಲ್ಲಿಸಿಕೊಳ್ಳಬಹುದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬೇಡಿ.

ಮುಂದಿನ ಮೆಟ್ಟಿಲು ಕಡಿಮೆ ಬೆಲೆಯ ಮಿರರ್‌ಲೆಸ್, ಅಂದರೆ ಡಿಎಸ್‌ಎಲ್‌ಆರ್‌ನ ಒಳಗಿನ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. 2021ರಲ್ಲಿ ಬಂದ ಸೋನಿ ಜಡ್‌ವಿ-ಇ10 ಅನ್ನು ಹೊಸಬರ ಕೈಯಲ್ಲಿ ತುಂಬಾ ನೋಡುತ್ತೀರಿ. ಸಮಯದ ಮಿತಿ ಇಲ್ಲ. ಮುಖವನ್ನು ಹಿಂಬಾಲಿಸುವ ಆಟೋಫೋಕಸ್ ನಂಬುವಂತಿದೆ. ಒಬ್ಬರೇ ಕೆಲಸ ಮಾಡುವಾಗ ಇದು ದೊಡ್ಡ ವರ. ಆದರೆ ಬ್ಯಾಟರಿ ಚಿಕ್ಕದು, ಎರಡು ಗಂಟೆ ಬರುವುದಿಲ್ಲ. ಯುಎಸ್‌ಬಿ-ಸಿ ಮೂಲಕ ಪವರ್ ಬ್ಯಾಂಕ್ ಹಚ್ಚಿಕೊಂಡೇ ಓಡಿಸಬೇಕು. ಫುಲ್ ಎಚ್‌ಡಿಗಿಂತ ಹೆಚ್ಚು ವಿವರ ಹಿಡಿಯುವ 4ಕೆಯಲ್ಲಿ ಜಾಸ್ತಿ ಹೊತ್ತು ಹಿಡಿದರೆ ಬಿಸಿಯಾಗಿ ಆರಿಹೋಗಬಹುದು. ಮೆನುವಿನಲ್ಲಿ ಆರುವ ಉಷ್ಣತೆಯ ಮಿತಿಯನ್ನು 'ಹೈ'ಗೆ ಇಡಬೇಕು, ಸ್ಕ್ರೀನನ್ನು ಕ್ಯಾಮೆರಾದ ಮೈಯಿಂದ ದೂರ ತೆರೆದಿಡಬೇಕು. ಕಾರ್ಡ್ ಹಾಕುವ ಜಾಗ ಒಂದೇ. ಆ ಕಾರ್ಡ್ ಕೈಕೊಟ್ಟರೆ ಮುಗಿಯಿತು. ದುಡ್ಡು ಕಡಿಮೆ ಇದ್ದರೆ ಇದೇ ಸರಿ ಅಂತೀನಿ, ಆದರೆ 4ಕೆ ಬದಲು ಫುಲ್ ಎಚ್‌ಡಿಯಲ್ಲಿ ಹಿಡಿಯಿರಿ. ನಿಂತುಹೋದ 4ಕೆಗಿಂತ ಓಡಿದ ಎಚ್‌ಡಿ ಮೇಲು.

ಹ್ಯಾಂಡಿಕ್ಯಾಮ್ ಜಾತಿಯ ಕ್ಯಾಮೆರಾಗಳ ಬಗ್ಗೆ ಇತ್ತೀಚೆಗೆ ಯಾರೂ ಮಾತಾಡುವುದಿಲ್ಲ. ನನಗದು ಸರಿ ಅನ್ನಿಸುವುದಿಲ್ಲ. ಸೋನಿ ಪಿಎಕ್ಸ್‌ಡಬ್ಲ್ಯು-ಜಡ್90, ಕ್ಯಾನನ್‌ನ ಎಕ್ಸ್‌ಎ ಸಾಲು, ಇವೆಲ್ಲ ಗಂಟೆಗಟ್ಟಲೆ ಓಡಲೆಂದೇ ಹುಟ್ಟಿದವು. ಜಡ್90ರಲ್ಲಿ ಎರಡು ಕಾರ್ಡ್, ಎರಡು ಎಕ್ಸ್‌ಎಲ್‌ಆರ್ (ವೃತ್ತಿಪರ ಮೈಕಿನ ಕನೆಕ್ಟರ್) ಮೈಕ್ ಜಾಗ, ಜಾಸ್ತಿ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೇ, 12 ಪಟ್ಟು ಜೂಮ್. ಲೆನ್ಸ್ ಬೇರೆ ಕೊಳ್ಳುವ ಗೋಜಿಲ್ಲ. ಮದುವೆ ವಿಡಿಯೋ ಮಾಡುವವರನ್ನು ಕೇಳಿ, ಮುಹೂರ್ತದ ಹೊತ್ತಿಗೆ ನಿಂತುಹೋಗುವ ಕ್ಯಾಮೆರಾವನ್ನು ಅವರು ಮುಟ್ಟುವುದಿಲ್ಲ. ಕೊರತೆ ಏನೆಂದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಜಡ್90ರಲ್ಲೂ ಒಂದಿಂಚಿನದು. ಮಂದ ಬೆಳಕಿನಲ್ಲಿ ಚಿತ್ರ ಒರಟಾಗುತ್ತದೆ, ಹಿಂದಿನ ಗೋಡೆ ಮಸುಕಾಗುವುದಿಲ್ಲ. ಗೋಡೆಯಲ್ಲಿರುವ ದೇವರ ಪಟ, ಹಳೇ ಕ್ಯಾಲೆಂಡರ್, ಮೊಮ್ಮಕ್ಕಳ ಫೋಟೋ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಹಿರಿಯರ ನೆನಪುಗಳನ್ನು ದಾಖಲಿಸುವ ಕೆಲಸಕ್ಕೆ ಅದು ಒಳ್ಳೆಯದೇ ಅಲ್ವಾ? ಅವರ ಮನೆಯೂ ಅವರ ಕಥೆಯ ಭಾಗ.

ಆದರೆ ಸಿನಿಮಾದ ಹಾಗೆ ಕಾಣಬೇಕು, ನಿಲ್ಲಲೂ ಬಾರದು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಫ್ಯಾನ್ ಇರುವ ಮಿರರ್‌ಲೆಸ್. ಇಲ್ಲಿ ನಿಜವಾದ ಪೈಪೋಟಿ ಸೋನಿ ಎಫ್‌ಎಕ್ಸ್30 ಮತ್ತು ಪ್ಯಾನಾಸಾನಿಕ್‌ನ ಜಿಎಚ್ ಸಾಲಿನ ನಡುವೆ. 2022ರ ಎಫ್‌ಎಕ್ಸ್30ರಲ್ಲಿ ಒಳಗೇ ಫ್ಯಾನ್ ಇದೆ. ಒಂದೇ ಹೊತ್ತಿಗೆ ಎರಡು ಕಾರ್ಡಿಗೂ ಬರೆಯುತ್ತದೆ. ಬ್ಯಾಟರಿ ದೊಡ್ಡದು. ಎಕ್ಸ್‌ಎಲ್‌ಆರ್ ಹಿಡಿಕೆ ಸಮೇತ ಕೊಂಡರೆ ಎರಡು ಮೈಕನ್ನು ನೇರವಾಗಿ ಕ್ಯಾಮೆರಾಕ್ಕೇ ಹಾಕಬಹುದು, ಆಮೇಲೆ ದನಿ ಹೊಂದಿಸುವ ಕೆಲಸವೇ ಇಲ್ಲ. ಇದರ ಅಣ್ಣ ಎಫ್‌ಎಕ್ಸ್3 ಫುಲ್ ಫ್ರೇಮ್, ಅಂದರೆ ಸೆನ್ಸರ್ ಇನ್ನೂ ದೊಡ್ಡದು, ಕತ್ತಲಲ್ಲಿ ಇನ್ನೂ ಚೆನ್ನ. ಆದರೆ ಬೆಲೆ ತುಂಬಾ ಜಾಸ್ತಿ. ಕೂತು ಮಾತಾಡುವವರನ್ನು, ಒಂದು ದೀಪ ಹಾಕಿ ಹಿಡಿಯುವಾಗ, ಆ ವ್ಯತ್ಯಾಸಕ್ಕೆ ಅಷ್ಟು ದುಡ್ಡು ಸುರಿಯಬೇಕಿಲ್ಲ. ಉಳಿದ ಹಣ ಮೈಕಿಗೆ ಹಾಕಿ.

ಪ್ಯಾನಾಸಾನಿಕ್ ಜಿಎಚ್5 ಬಂದಿದ್ದು 2017ರಲ್ಲಿ. ಸಮಯದ ಮಿತಿ ಇಲ್ಲದೆ 4ಕೆ ಹಿಡಿಯುತ್ತಿದ್ದ ಅದು ಎಷ್ಟೋ ಸಾಕ್ಷ್ಯಚಿತ್ರ ತಂಡಗಳ ಜೊತೆ ದುಡಿದಿದೆ. ಇಂದಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ. ಒಂದೇ ಎಚ್ಚರ, ಅದರ ಆಟೋಫೋಕಸ್ ವಿಡಿಯೋದಲ್ಲಿ ತಡಕಾಡುತ್ತದೆ. ಜಿಎಚ್5 ಮಾರ್ಕ್ 2, ಜಿಎಚ್6 ಎರಡರಲ್ಲೂ ಹಳೆಯ ಫೋಕಸ್ ಪದ್ಧತಿಯೇ. 2024ರ ಜಿಎಚ್7ಕ್ಕೆ ಬಂದಾಗ ಅದು ಬದಲಾಯಿತು. ಈ ಸಾಲಿನಲ್ಲಿ ಫ್ಯಾನ್ ಇರುವುದು ಜಿಎಚ್6, ಜಿಎಚ್7ರಲ್ಲಿ. ಜಿಎಚ್5 ಬಳಸುವುದಾದರೆ ಫೋಕಸ್ ಕೈಯಲ್ಲೇ ಇಡಿ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 4ರ ಹತ್ತಿರ ಇಟ್ಟರೆ ಮಾತಾಡುವವರು ಸ್ವಲ್ಪ ಮುಂದೆ ಹಿಂದೆ ವಾಲಿದರೂ ಕಣ್ಣು ಮಸುಕಾಗುವುದಿಲ್ಲ. ವಯಸ್ಸಾದವರು ಮಾತಿನ ಭರದಲ್ಲಿ ಮುಂದಕ್ಕೆ ಬಾಗುತ್ತಾರೆ, ಸುಸ್ತಾದಾಗ ಕುರ್ಚಿಗೆ ಒರಗುತ್ತಾರೆ. ಎಫ್ 1.4ರಲ್ಲಿ ಹಿಡಿದರೆ ಹಿನ್ನೆಲೆ ಚೆಂದ ಕಾಣುತ್ತದೆ, ನಿಜ. ಎರಡು ಗಂಟೆಯಲ್ಲಿ ಅರ್ಧ ಭಾಗ ಕೆಲಸಕ್ಕೆ ಬಾರದೆ ಹೋದರೆ ಆ ಚೆಂದ ಯಾಕೆ?

ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 4ಕೆ ಬಗ್ಗೆ ಕೇಳುವವರು ತುಂಬಾ ಜನ. ಅದರ ಬಣ್ಣ ನನಗೂ ಬಹಳ ಇಷ್ಟ. ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಲೈಸೆನ್ಸ್ ಜೊತೆಗೇ ಬರುತ್ತದೆ, ಯುಎಸ್‌ಬಿ-ಸಿಯಲ್ಲಿ ಎಸ್‌ಎಸ್‌ಡಿಗೇ ರೆಕಾರ್ಡ್ ಮಾಡಬಹುದು. ಆದರೆ ಒಳಗಿನ ಎಲ್‌ಪಿ-ಇ6 ಬ್ಯಾಟರಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಚಲಿಸುವ ಮುಖವನ್ನು ಹಿಂಬಾಲಿಸುವ ಆಟೋಫೋಕಸ್ ಇಲ್ಲ. ಅದರ ರಾ ಫೈಲು (ಸೆನ್ಸರ್ ಹಿಡಿದ ಹೆಚ್ಚಿನ ಮಾಹಿತಿ ಉಳಿಸುವ ಫೈಲು) ಜಾಸ್ತಿ ಒತ್ತಿ ಚಿಕ್ಕದು ಮಾಡಿದರೂ ಗಂಟೆಗೆ ನೂರು ಜಿಬಿ ಸುತ್ತ ಹೋಗುತ್ತದೆ. ಕ್ಯಾಮೆರಾಕ್ಕೇ ಅಂತ ಒಬ್ಬರು ಜೊತೆಗಿದ್ದರೆ ಇದು ಸೊಗಸಾದ ಆಯ್ಕೆ. ಒಬ್ಬರೇ ಹೋಗುವಾಗ ಬೇಡ. ಎಫ್‌ಎಕ್ಸ್6, ಕ್ಯಾನನ್ ಸಿ70 ಇವುಗಳಲ್ಲಿ ಒಳಗೇ ಎನ್‌ಡಿ ಇದೆ, ಮೈಕ್ ಜಾಗ ಇದೆ, ದಿನವಿಡೀ ಓಡುತ್ತವೆ. ಕೊಳ್ಳುವುದು ನಮ್ಮಂಥವರ ಕೈಗೆ ಎಟುಕದು, ಬಾಡಿಗೆಗೆ ತರಬಹುದು.

ಈಗ ದನಿ. ಇದಕ್ಕೇ ನಾನು ಜಾಸ್ತಿ ಜಾಗ ಕೊಡುವುದು. ಚಿತ್ರ ಸ್ವಲ್ಪ ಮಂಕಾದರೆ ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಬೆಂಗಳೂರಿನ ಮನೆಗಳಲ್ಲಿ ಮೌನ ಸಿಗುವುದು ಕಷ್ಟ. ದೊಮ್ಮಲೂರು, ಮುರುಗೇಶಪಾಳ್ಯದ ಕಡೆ ಎಚ್‌ಎಎಲ್ ರನ್‌ವೇಯಿಂದ ಏಳುವ ವಿಮಾನ. ಬೆಳಿಗ್ಗೆ ಸೊಪ್ಪಿನವರ ಗಾಡಿಯ ಸ್ಪೀಕರ್. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಲಾರಿ. ಹನ್ನೊಂದರ ಹೊತ್ತಿಗೆ ಕುಕ್ಕರ್ ಕೂಗು. ಏಪ್ರಿಲ್‌ನಲ್ಲಿ ಕೋಗಿಲೆ, ಅದು ಬಿಡುವಿಲ್ಲದೆ ಕೂಗುತ್ತದೆ, ಎಡಿಟ್‌ನಲ್ಲಿ ಒಂದು ಮಾತು ಕತ್ತರಿಸಿದರೂ ಕೂಗು ಅರ್ಧಕ್ಕೆ ತುಂಡಾಗಿದ್ದು ಗೊತ್ತಾಗುತ್ತದೆ. ಇದೆಲ್ಲದರ ನಡುವೆ ಯಾವ ಮೈಕ್?

ಹೊರಗೆ ಕೆಲಸಕ್ಕೆ ಬರುವ ಉದ್ದನೆಯ ಶಾಟ್‌ಗನ್ ಮೈಕನ್ನು ಹತ್ತು ಹನ್ನೆರಡು ಅಡಿಯ ಕೋಣೆಗೆ ತಂದರೆ ದನಿ ಡಬ್ಬದೊಳಗೆ ಮಾತಾಡಿದ ಹಾಗಾಗುತ್ತದೆ. ಗ್ರಾನೈಟ್ ನೆಲ, ಬರಿಗೋಡೆಯಿಂದ ಮರಳಿ ಬರುವ ದನಿಯನ್ನು ಅದು ಸರಿಯಾಗಿ ತಡೆಯಲಾರದು. ಒಳಾಂಗಣಕ್ಕೆ ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಹೈಪರ್‌ಕಾರ್ಡಿಯಾಯ್ಡ್ ಅಥವಾ ಸೂಪರ್‌ಕಾರ್ಡಿಯಾಯ್ಡ್ ಮೈಕ್ ಒಳ್ಳೆಯದು. ಸ್ಟ್ಯಾಂಡಿಗೆ ಕಟ್ಟಿ, ತಲೆಯ ಮೇಲೆ ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ಇಳಿಸಿ, ಎದೆಯ ಕಡೆ ಮುಖ ಮಾಡಿ ಇಡಿ. ನೆಲಕ್ಕೆ ಜಮಖಾನ ಹಾಸಿ. ಮನೆಯವರನ್ನು ಕೇಳಿದರೆ ರಗ್ಗು, ಕಂಬಳಿ ಕೊಡುತ್ತಾರೆ, ಕ್ಯಾಮೆರಾದ ಹಿಂದಿನ ಗೋಡೆಗೆ ನೇತುಹಾಕಿ. ಅಷ್ಟಕ್ಕೇ ಅರ್ಧ ಪ್ರತಿಧ್ವನಿ ಹೋಗುತ್ತದೆ.

ಕಾಲರ್ ಮೈಕ್ ಬಾಯಿಗೆ ಹತ್ತಿರ ಇರುವುದರಿಂದ ಹೊರಗಿನ ಗದ್ದಲ ಕಡಿಮೆ ಕೇಳುತ್ತದೆ. ಆದರೆ ನಮ್ಮ ಬಟ್ಟೆಗಳು ಅದಕ್ಕೆ ಒಗ್ಗುವುದಿಲ್ಲ. ಕ್ಯಾಮೆರಾ ಬರುತ್ತದೆ ಅಂತ ಅಜ್ಜಿ ರೇಷ್ಮೆ ಸೀರೆ ಉಟ್ಟು ಕೂತಿರುತ್ತಾರೆ. ಸೆರಗು ಅಲುಗಿದಾಗಲೆಲ್ಲ ಸರಸರ. ಕರಿಮಣಿ ಸರ ಮೈಕಿಗೆ ತಾಗಿದರೆ ಟಕ್ ಟಕ್. ಬಳೆಯ ಸದ್ದು ಬೇರೆ. ಹತ್ತಿ ಸೀರೆ ಉಡಿ ಅಂತ ಮೊದಲೇ ಫೋನಿನಲ್ಲಿ ಹೇಳಬಹುದು, ನಾನು ಹೇಳುತ್ತಿದ್ದೆ. ಈಗ ಹೇಳುವುದು ಬಿಟ್ಟಿದ್ದೇನೆ. ಅವರು ಇಷ್ಟಪಟ್ಟು ಉಟ್ಟ ಸೀರೆಯಲ್ಲೇ ಅವರಿಗೆ ಧೈರ್ಯ ಇರುತ್ತದೆ. ಮೈಕನ್ನು ಸರದಿಂದ ದೂರ, ಭುಜದ ಕಡೆ ಸೆರಗಿನ ಮಡಿಕೆ ಗಟ್ಟಿಯಾಗಿರುವಲ್ಲಿ ಟೇಪ್ ಹಾಕಿ ಕೂರಿಸಿ, ಮೇಲೆ ಒಂದು ಬೂಮ್ ಮೈಕನ್ನೂ ಇಡುತ್ತೇನೆ. ಎರಡೂ ಬೇರೆ ಬೇರೆ ಟ್ರ್ಯಾಕಿಗೆ ಹೋಗಬೇಕು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ವೈರ್‌ಲೆಸ್ ಕೊಳ್ಳುವುದಾದರೆ ಟ್ರಾನ್ಸ್‌ಮಿಟರ್‌ನಲ್ಲೇ ರೆಕಾರ್ಡ್ ಆಗುವ ಸೌಲಭ್ಯ ಇದೆಯೇ ನೋಡಿ. ರೋಡ್ ವೈರ್‌ಲೆಸ್ ಗೋ 2, ವೈರ್‌ಲೆಸ್ ಪ್ರೊ, ಡಿಜೆಐ ಮೈಕ್ 2 ಇವುಗಳಲ್ಲಿ ಇದೆ. ಅಪಾರ್ಟ್‌ಮೆಂಟುಗಳಲ್ಲಿ ಮನೆಗೊಂದು ವೈಫೈ, ಇವು ಓಡುವುದೂ ಅದೇ 2.4 ಗಿಗಾಹರ್ಟ್ಸ್ ಅಲೆಯಲ್ಲಿ, ಸಿಗ್ನಲ್ ಕಡಿಯುವುದುಂಟು. ಒಳಗೇ ರೆಕಾರ್ಡ್ ಆಗಿದ್ದರೆ ಮಾತು ಉಳಿಯುತ್ತದೆ. 32-ಬಿಟ್ ಫ್ಲೋಟ್ ಅನ್ನುವ ರೆಕಾರ್ಡಿಂಗ್ ವಿಧಾನ ಕೂಡ ನಿಜಕ್ಕೂ ಉಪಯೋಗದ್ದು. ಪಿಸುಗುಟ್ಟುತ್ತಿದ್ದವರು ಥಟ್ಟನೆ ನಕ್ಕರೂ ದನಿ ಒಡೆಯುವುದಿಲ್ಲ, ಎಡಿಟ್‌ನಲ್ಲಿ ತಗ್ಗಿಸಬಹುದು. ಕೂತು ಮಾತಾಡುವ ಕೆಲಸಕ್ಕೆ ಜೂಮ್ ಎಫ್3ರಂಥ ಪುಟ್ಟ ರೆಕಾರ್ಡರ್ ಮತ್ತು ವೈರಿನ ಮೈಕೇ ಸಾಕು. ಶುರುವಿನಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ ತಟ್ಟಿ. ರೆಕಾರ್ಡರ್ ಮತ್ತು ಕ್ಯಾಮೆರಾದ ಗಡಿಯಾರಗಳು ಗಂಟೆ ಕಳೆದಂತೆ ಒಂದೆರಡು ಫ್ರೇಮ್ ಜಾರಬಹುದು, ಎರಡು ತುದಿಯ ಚಪ್ಪಾಳೆ ಇದ್ದರೆ ಸರಿಪಡಿಸುವುದು ಸುಲಭ.

ಕರೆಂಟಿನ ವಿಷಯ. ನಮ್ಮಲ್ಲಿ 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. 30 ಫ್ರೇಮ್, 1/60ಕ್ಕೆ ಇಟ್ಟರೆ ಟ್ಯೂಬ್‌ಲೈಟ್ ಬೆಳಕು ಅಲೆಅಲೆಯಾಗಿ ಮಿನುಗುತ್ತದೆ. ಮೆನುವಿನಲ್ಲಿ ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿದ್ದರೆ (30 ಫ್ರೇಮಿನ ಪದ್ಧತಿ) ಪಾಲ್‌ಗೆ (25 ಫ್ರೇಮಿನದು) ಬದಲಿಸಿ, ಕೆಲವು ಮಾಡೆಲ್‌ಗಳಲ್ಲಿ ಆಗ ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ. ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಡಮ್ಮಿ ಬ್ಯಾಟರಿ ಹಾಕಿ ಗೋಡೆಯ ಪ್ಲಗ್ಗಿನಿಂದ ಕ್ಯಾಮೆರಾ ಓಡಿಸುವುದು ಆರಾಮ ಅನ್ನಿಸುತ್ತದೆ. ಆದರೆ ಕರೆಂಟ್ ಹೋದರೆ ಕ್ಯಾಮೆರಾ ಆರುತ್ತದೆ, ಬರೆಯುತ್ತಿದ್ದ ಫೈಲೂ ಕೆಡಬಹುದು. ಅರ್ತಿಂಗ್ ಸರಿಯಿಲ್ಲದ ಹಳೇ ಮನೆಗಳಲ್ಲಿ ಮೈಕಿಗೆ ಗುಂಯ್ ಅನ್ನುವ ಸದ್ದೂ ಸೇರುತ್ತದೆ. ನಾನು ದೊಡ್ಡ ಬ್ಯಾಟರಿಯನ್ನೇ ನಂಬುತ್ತೇನೆ. ವೈರು, ಅಡಾಪ್ಟರ್, ಕನೆಕ್ಟರ್ ಎಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ.

ಕಾರ್ಡಿನ ಲೆಕ್ಕ ಸುಲಭ. ಸೆಕೆಂಡಿಗೆ 100 ಮೆಗಾಬಿಟ್ ವೇಗದ 4ಕೆ ಎಂದರೆ ಗಂಟೆಗೆ 45 ಜಿಬಿ. 128 ಜಿಬಿ ಕಾರ್ಡಿನಲ್ಲಿ ಎರಡೂಮುಕ್ಕಾಲು ಗಂಟೆಯ ಹತ್ತಿರ. ಈ ವೇಗಕ್ಕೆ ವಿ30 ಎಂಬ ವೇಗದ ಗುರುತಿರುವ ಕಾರ್ಡ್ ಸಾಕು. ತುಂಬಾ ಅಗ್ಗಕ್ಕೆ ಸಿಕ್ಕಿದ ಕಾರ್ಡನ್ನು ಮೊದಲು ಪೂರ್ತಿ ತುಂಬಿಸಿ, ಓದಿಸಿ ನೋಡಿ. ಎರಡು ಕ್ಯಾಮೆರಾ, ಎರಡು ಗಂಟೆ ಎಂದರೆ 180 ಜಿಬಿ, ಎರಡು ಪ್ರತಿ ಇಟ್ಟರೆ 360. ಹತ್ತು ಜನರನ್ನು ಮಾತಾಡಿಸಿದರೆ 3.6 ಟಿಬಿ. ಹಾರ್ಡ್ ಡಿಸ್ಕಿನ ಖರ್ಚನ್ನು ಕ್ಯಾಮೆರಾ ಕೊಳ್ಳುವ ಮುಂಚೆಯೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೇ ಕ್ಯಾಮೆರಾ ಬೇಕೇ? ಇದ್ದರೆ ಮಾತು ಕತ್ತರಿಸಿದ ಜಾಗದಲ್ಲಿ ಇನ್ನೊಂದು ಕೋನಕ್ಕೆ ಹೋಗಬಹುದು. ಇಲ್ಲದಿದ್ದರೆ 4ಕೆಯಲ್ಲಿ ಸ್ವಲ್ಪ ಅಗಲವಾಗಿ ಹಿಡಿದು, ಫುಲ್ ಎಚ್‌ಡಿ ಚಿತ್ರದಲ್ಲಿ ಮುಖಕ್ಕೆ ಹತ್ತಿರ ಕತ್ತರಿಸಿಕೊಳ್ಳಬಹುದು. ತರುವುದಾದರೆ ಒಂದೇ ಕಂಪನಿಯದ್ದು ತನ್ನಿ, ಇಲ್ಲದಿದ್ದರೆ ಮುಖದ ಬಣ್ಣ ಹೊಂದಿಸುವುದರಲ್ಲೇ ದಿನ ಹೋಗುತ್ತದೆ. ಲೆನ್ಸಿಗೆ ತಲೆ ಕೆಡಿಸಿಕೊಳ್ಳಬೇಡಿ. ಫುಲ್ ಫ್ರೇಮಿನ 50ರಿಂದ 85 ಎಂಎಂ ನೋಟ ಮುಖಕ್ಕೆ ಹಿತ. ಎಫ್‌ಎಕ್ಸ್30ರಲ್ಲಿ ಅದು ಸುಮಾರು 35ರಿಂದ 56, ಜಿಎಚ್‌ನಲ್ಲಿ 25ರಿಂದ 42. ನಮ್ಮ ಕೋಣೆಗಳ ಅಳತೆಗೆ 85ರ ನೋಟ ಹಿಡಿಯುವುದು ಕಷ್ಟ, ಬೆನ್ನು ಗೋಡೆಗೆ ತಾಗುತ್ತದೆ. ಒಂದು ಎಫ್ 2.8 ಜೂಮ್ ಇದ್ದರೆ ಎಲ್ಲ ಮನೆಗೂ ಹೊಂದುತ್ತದೆ.

ಬೆಳಕಿಗೆ ಒಂದು ಎಲ್‌ಇಡಿ, ಒಂದು ಸಾಫ್ಟ್‌ಬಾಕ್ಸ್. ಜೂನ್, ಜುಲೈನಲ್ಲಿ ಮೋಡ ಬಂದು ಹೋಗುವ ನಮ್ಮೂರಲ್ಲಿ ಕಿಟಕಿ ಬೆಳಕು ಎರಡು ಗಂಟೆ ಒಂದೇ ಸಮ ಇರುವುದಿಲ್ಲ. ಚಿಕ್ಕಪೇಟೆಯಿಂದ ನಾಲ್ಕೈದು ಮೀಟರ್ ದಪ್ಪ ಕಪ್ಪು ಬಟ್ಟೆ ತಂದಿಟ್ಟುಕೊಳ್ಳಿ, ಕಿಟಕಿ ಮುಚ್ಚಲು.

ಕೊಳ್ಳಬೇಕೋ, ಬಾಡಿಗೆಯೋ? ವರ್ಷಕ್ಕೆ ನಾಲ್ಕೈದು ದಿನದ ಕೆಲಸವಾದರೆ ಬಾಡಿಗೆ. ತಿಂಗಳಿಗೆ ಎರಡು ಮೂರು ಸಲ ಹೋಗುವವರು ಕೊಳ್ಳಿ. ವಯಸ್ಸಾದವರ ಆರೋಗ್ಯ ನೋಡಿಕೊಂಡು ದಿನ ಬದಲಾಗುತ್ತಲೇ ಇರುತ್ತದೆ, ಬಾಡಿಗೆಯವರಿಗೆ ಪ್ರತಿಸಲ ಫೋನ್ ಮಾಡಿ ಮುಂದೂಡುವುದು ಆಗದ ಮಾತು. ನನ್ನ ಪದ್ಧತಿ ಮಧ್ಯದ್ದು. ಮೈಕ್, ರೆಕಾರ್ಡರ್, ಟ್ರೈಪಾಡ್ ಸ್ವಂತದ್ದು. ಅವು ಬೇಗ ಹಳೆಯದಾಗುವುದಿಲ್ಲ. ಒಂದು ಕ್ಯಾಮೆರಾ ಸ್ವಂತದ್ದು, ಎರಡನೆಯದು ಬೇಕಾದಾಗ ಬಾಡಿಗೆಗೆ. ಇಬ್ಬರು ಸ್ಕೂಟರ್ ಮೇಲೆ ಹೋಗುವಷ್ಟೇ ಸಾಮಾನು.

ಬಾಡಿಗೆ ಅಂಗಡಿಯಲ್ಲಿ ಆಧಾರ್ ಕೊಟ್ಟು ಸಹಿ ಹಾಕುವ ಮುಂಚೆ ಅಲ್ಲೇ ಕೌಂಟರಿನ ಮೇಲೆ ಕ್ಯಾಮೆರಾ ಚಾಲೂ ಮಾಡಿ. ಎರಡು ಕಾರ್ಡಿಗೂ ಬರೆಯುತ್ತಿದೆಯೇ, ಮೈಕ್ ಜಾಗ ಎರಡೂ ಕೆಲಸ ಮಾಡುತ್ತವೆಯೇ ನೋಡಿ. ಚಿತ್ರೀಕರಣದ ಹಿಂದಿನ ಸಂಜೆಯೇ ಮನೆಗೆ ತನ್ನಿ. ಕುರ್ಚಿಯ ಮೇಲೆ ಮನೆಯವರನ್ನೋ, ಒಂದು ದಿಂಬನ್ನೋ ಕೂರಿಸಿ, ಮೈಕ್, ಬ್ಯಾಟರಿ, ಕಾರ್ಡ್ ಎಲ್ಲ ನಾಳೆ ಇರುವ ಹಾಗೇ ಜೋಡಿಸಿ ರೆಕಾರ್ಡ್ ಒತ್ತಿ. ಆಮೇಲೆ ಅಡುಗೆ ಮಾಡಿ, ಊಟ ಮಾಡಿ, ಪಾತ್ರೆ ತೊಳೆಯಿರಿ. ಎರಡು ಗಂಟೆ ಆದಮೇಲೆ ಬಂದು ನೋಡಿ, ಕೆಂಪು ದೀಪ ಇನ್ನೂ ಉರಿಯುತ್ತಿದೆಯೇ ಅಂತ.